ಮುಚ್ಚಿಟ್ಟ ನಡುಕ

ಒಂದು ಕಾರಿನಲ್ಲಿ ಎಂಜಿನ್ನೂ ಆಟೊಮ್ಯಾಟಿಕ್ ಗೇರ್‌ಬಾಕ್ಸೂ ಅಣ್ಣತಮ್ಮಂದಿರಂತೆ ಅನ್ಯೋನ್ಯವಾಗಿದ್ದವು. ವರ್ಷ ತುಂಬುವ ಮೊದಲೇ ಗೇರ್‌ಬಾಕ್ಸಿಗೆ ಎರಡನೇ ಗೇರ್ ಬೀಳುವಾಗ ಸಣ್ಣದೊಂದು ನಡುಕ ಶುರುವಾಯಿತು.

"ಅಣ್ಣಾ, ಇದು ಯಾರಿಗೂ ಗೊತ್ತಾಗುವುದು ಬೇಡ. ತಿಳಿದರೆ ನನ್ನನ್ನು ಬಿಚ್ಚಿ ಬಿಸಾಡುತ್ತಾರೆ," ಎಂದು ಅದು ಅಂಗಲಾಚಿತು.

ಎಂಜಿನ್ನಿನ ಮನಸ್ಸು ಕರಗಿತು. "ನಾನಿದ್ದೇನೆ, ಹೆದರಬೇಡ," ಎಂದಿತು. ಅಂದಿನಿಂದ ನಡುಕ ಬಂದಾಗಲೆಲ್ಲ ತಾನೇ ತುಸು ತಗ್ಗಿ, ಒಡತಿ ದಮಯಂತಿಗೆ ತಿಳಿಯದಂತೆ ಸಂಭಾಳಿಸಿತು. ಎರಡು ಸಲ ಸರ್ವಿಸಿಗೆ ಹೋದಾಗಲೂ ಬಾಯಿ ಬಿಡಲಿಲ್ಲ.

ಒಂದು ದಿನ ಘಾಟಿಯ ಏರಿನಲ್ಲಿ ಗೇರ್‌ಬಾಕ್ಸ್ ಕಟಕಟನೆ ಸದ್ದು ಮಾಡಿ ನಿಂತೇಹೋಯಿತು. ಎಂಜಿನ್ ಎಷ್ಟು ಅಬ್ಬರಿಸಿದರೂ ಚಕ್ರಗಳು ಒಂದು ಗೇಣೂ ಸಾಗಲಿಲ್ಲ. ಕಾರನ್ನು ಸರ್ವಿಸ್ ಸೆಂಟರಿಗೆ ಎಳೆದು ತಂದರು.

ಮೆಕ್ಯಾನಿಕ್ ಜಬ್ಬಾರ್ ಬಿಚ್ಚಿ ನೋಡಿ ತಲೆಯಾಡಿಸಿದ. "ವಾರಂಟಿ ಇದೆ ಮೇಡಂ, ಹೊಸ ಗೇರ್‌ಬಾಕ್ಸೇ ಹಾಕಿಕೊಡುತ್ತೇವೆ. ಆದರೆ ಮೊದಲೇ ಗೊತ್ತಾಗಿದ್ದರೆ ಒಂದು ಸಣ್ಣ ವಾಲ್ವ್ ಬದಲಿಸಿದರೆ ಸಾಕಿತ್ತು. ಇದೇ ಇನ್ನೂ ಹತ್ತು ವರ್ಷ ಓಡುತ್ತಿತ್ತು."

ಆ ಮಾತು ಎಂಜಿನ್ನಿನ ಎದೆಗೆ ನಾಟಿತು. ಬೋಲ್ಟುಗಳು ಒಂದೊಂದಾಗಿ ಸಡಿಲವಾಗುತ್ತಿದ್ದಂತೆ ಅದು, "ಕಾಪಾಡುತ್ತಿದ್ದೇನೆ ಅಂದುಕೊಂಡೇ ನಿನ್ನನ್ನು ಕೊಂದೆನಲ್ಲ ತಮ್ಮಾ," ಎಂದಿತು.

"ಬೇಡಿಕೊಂಡವನು ನಾನೇ ಅಲ್ಲವೇ ಅಣ್ಣಾ," ಎಂದಷ್ಟೇ ಹೇಳಿ ಗೇರ್‌ಬಾಕ್ಸ್ ಕೆಳಗಿಳಿಯಿತು. ಅದನ್ನು ಗುಜರಿಯ ಕಡೆಗೆ ತಳ್ಳಿಕೊಂಡು ಹೋದರು.

ಅದರ ಜಾಗದಲ್ಲಿ ಬಂದು ಕೂತ ಹೊಸ ಗೇರ್‌ಬಾಕ್ಸ್ ವಿನಯದಿಂದ, "ನನ್ನಿಂದ ಏನಾದರೂ ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ ಅಣ್ಣಾ," ಎಂದಿತು.

"ಅದೊಂದನ್ನು ಮಾತ್ರ ನನ್ನಲ್ಲಿ ಕೇಳಬೇಡ," ಎಂದಿತು ಎಂಜಿನ್.