ಗುರು ಬರೆದ ಕಟ್ಟಳೆ

ಹೊಳೆಯ ದಂಡೆಯ ಆಶ್ರಮದಲ್ಲಿ ಕಲ್ಲಿನಾಥ ಪಂಡಿತರು ವೈದ್ಯ ಕಲಿಸುತ್ತಿದ್ದರು. ಇಡೀ ದೇಶಕ್ಕೆ ವೈದ್ಯದ ಒಂದೇ ಕಟ್ಟಳೆಯನ್ನು ಬರೆದುಕೊಟ್ಟವರೂ ಅವರೇ.

ಅರಸನ ಮುದ್ರೆಯಿಲ್ಲದವರು ಮದ್ದು ಕೊಡಕೂಡದು, ಹೆರಿಗೆ ಮಾಡಿಸಕೂಡದು. ಪ್ರತಿ ಮನೆಯವರೂ ಪಟ್ಟಣದ ವೈದ್ಯಶಾಲೆಗೆ ಭತ್ತ ಅಳೆಯಬೇಕು. ಇದು ಕಟ್ಟಳೆ.

ಹಳ್ಳಿಗಳನ್ನು ಸುತ್ತಿ ಬಂದ ಶಿಷ್ಯೆ ಕೇತಲೆ ಒಂದು ಸಂಜೆ ಮದ್ದಿನ ಚೀಲವನ್ನು ಮೂಲೆಗೆಸೆದಳು.

“ಏನಾಯಿತು?” ಎಂದರು ಗುರುಗಳು.

“ಕೊಡ್ಲೂರಿನ ಬಸುರಿಯೊಬ್ಬಳು ಪಟ್ಟಣಕ್ಕೆ ಬರುವಾಗ ದೋಣಿಯಲ್ಲೇ ತೀರಿಕೊಂಡಳು. ನಲವತ್ತು ವರ್ಷ ಹೆರಿಗೆ ಮಾಡಿಸಿದ ಸಿರಿಯವ್ವ ಪಕ್ಕದ ಮನೆಯಲ್ಲೇ ಇದ್ದಳು. ಮುದ್ರೆಯಿಲ್ಲವೆಂದು ಹೆದರಿ ಕೈಹಚ್ಚಲಿಲ್ಲ.”

ಗುರುಗಳು ಕೈಯಲ್ಲಿದ್ದ ಓಲೆಯನ್ನು ಕೆಳಗಿಟ್ಟರು.

“ಈ ಕಟ್ಟಳೆ ಹೋಗಬೇಕು, ಗುರುಗಳೇ. ಆದರೆ ಬರೆದವರು ತಾವು.”

“ಬರೆದವನ ಮುಖ ನೋಡಬೇಡ. ನಾಳೆ ಅರಸನ ಸಭೆಗೆ ಬಾ. ನೀನು ಬೇಡವೆನ್ನು, ನಾನು ಬೇಕೆನ್ನುತ್ತೇನೆ. ನನ್ನ ಮೇಲೆ ಕನಿಕರಪಟ್ಟು ಮಾತಾಡಿದೆಯೋ, ಆಶ್ರಮಕ್ಕೆ ಮರಳಬೇಡ.”

ಮರುದಿನ ಸಭೆ ತುಂಬಿತ್ತು. ಗುರುಗಳೇ ಮೊದಲು ಕೇಳಿದರು:

“ಈ ಕಟ್ಟಳೆಗೆ ಮೊದಲು ಹುಸಿ ವೈದ್ಯರು ಪಾದರಸ ಕುಡಿಸಿ ಎಷ್ಟು ಜನರನ್ನು ಕೊಂದರು, ಗೊತ್ತೇ?”

“ಗೊತ್ತು. ಅವರನ್ನು ತಡೆಯಲು ಹೋಗಿ ಬಲ್ಲವರ ಕೈಯನ್ನೂ ಕಟ್ಟಿದಿರಿ.”

“ಬಡವರಿಗೆ ಪುಕ್ಕಟೆ ಮದ್ದು ಸಿಗುತ್ತಿರುವುದು ಇದರಿಂದಲೇ ಅಲ್ಲವೇ?”

“ಪಟ್ಟಣದ ಬಡವರಿಗೆ. ಕೊಡ್ಲೂರಿನ ಬಡವರು ಭತ್ತ ಹೊತ್ತು ಬರುತ್ತಾರೆ, ಹೆಣ ಹೊತ್ತು ಹೋಗುತ್ತಾರೆ.”



“ತಿದ್ದಿದರೆ ಸಾಲದೇ? ರದ್ದೇ ಆಗಬೇಕೇ?”

ಕೇತಲೆ ಹೇಳಿದಳು:

“ಹನ್ನೆರಡು ವರ್ಷಗಳಲ್ಲಿ ನಾಲ್ಕು ಸಲ ತಿದ್ದಿದ್ದೀರಿ, ಗುರುಗಳೇ. ಪ್ರತಿ ಸಲವೂ ಇನ್ನೊಂದು ಮುದ್ರೆ ಹೆಚ್ಚಾಯಿತೇ ಹೊರತು ಒಂದೂ ಕಡಿಮೆಯಾಗಲಿಲ್ಲ.”

ಗುರುಗಳು ಅರಸನತ್ತ ತಿರುಗಿ, “ನಾನು ಸೋತೆ” ಎಂದು ಕೈಮುಗಿದರು. ಅರಸ ಕಟ್ಟಳೆಯನ್ನು ರದ್ದು ಮಾಡಿದ.

ಹೊರಗೆ ಬರುತ್ತಲೇ ಗುರುಗಳು ಎದುರಾದವರಿಗೆಲ್ಲ, “ಇವಳು ನನ್ನ ಶಿಷ್ಯೆ, ನನ್ನ ಶಿಷ್ಯೆ” ಎಂದು ತೋರಿಸತೊಡಗಿದರು. ಸೋತವರ ನಡಿಗೆಯಾಗಿರಲಿಲ್ಲ ಅದು.

ಕೇತಲೆ ಅವರ ಕಾಲಿಗೆ ಬಿದ್ದಳು. “ತುಂಬಿದ ಸಭೆಯಲ್ಲಿ ತಮ್ಮನ್ನು ಸೋಲಿಸಿಬಿಟ್ಟೆ.”

ಗುರುಗಳು ಅವಳನ್ನು ಎಬ್ಬಿಸಿದರು.

“ಹುಸಿ ವೈದ್ಯರು ನಾಳೆಯೇ ಮರಳಿ ಬರುತ್ತಾರೆ, ಮಗಳೇ. ಹೊಸ ಕಟ್ಟಳೆಯನ್ನು ನೀನೇ ಬರೆ. ಅದನ್ನು ಅಳಿಸಬಲ್ಲ ಶಿಷ್ಯರನ್ನೂ ಬೆಳೆಸು.”