ಕಟ್ಟದ ದೋಣಿ

ಹೊನ್ನಾಂಬೆ ಕೇಳಿದಳು:

"ಗುರುವಮ್ಮಾ, ನಾನು ಕಲಿತದ್ದೆಲ್ಲ ಬೇರೆ ಕಡೆ. ವ್ಯಾಕರಣ ಒಂದು ಮಠದಲ್ಲಿ, ವೈದ್ಯ ಇನ್ನೊಂದು ಊರಿನಲ್ಲಿ, ಹಾಡು ಮತ್ತೊಬ್ಬರ ಮನೆಯಲ್ಲಿ. ಇಲ್ಲಿ ನಾನು ಏನನ್ನೂ ಪಡೆದಿಲ್ಲ. ಸುಮ್ಮನೆ ಇದ್ದೇನೆ ಅಷ್ಟೆ. ಹಾಗಿರುವಾಗ ದಿನಾ ಬೆಳಿಗ್ಗೆ ಇಲ್ಲಿಯ ಬಾವಿಯಿಂದ ನಾನೇಕೆ ನೀರು ಸೇದಬೇಕು?"

ಅವಳು ಆಶ್ರಮಕ್ಕೆ ಹೊಸಬಳು. ಬಿರುಬಿಸಿಲಿನಲ್ಲಿ ನಡೆದು ಬಂದವಳು, ಒಂದು ದಿನ ಇರುತ್ತೇನೆಂದು ಹೇಳಿ ಉಳಿದುಕೊಂಡವಳು. ಈ ಮಾತು ಕೇಳಿ ಅಂಗಳ ಗುಡಿಸುತ್ತಿದ್ದವರ ಪೊರಕೆಗಳು ನಿಂತವು. ಗುರುವಮ್ಮನಿಗೆ ಸಿಟ್ಟು ಬರಲಿಲ್ಲ. ಅವರೂ ಒಂದು ಕಾಲದಲ್ಲಿ ಹತ್ತಾರು ದೇಶ ಸುತ್ತಿದವರು. ಈಗ ಮಂಡಿ ನಡೆಯಗೊಡದ ಕಾರಣ ಅವರ ಕತೆಗಳು ಮಾತ್ರ ಸುತ್ತುತ್ತಿದ್ದವು.

"ಕೊಡ ಕೆಳಗಿಡು, ಕೂತುಕೋ. ಬಾವಿ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದು ಅವರು ಕತೆ ಶುರುಮಾಡಿದರು.

ಒಂದು ದೊಡ್ಡ ಹೊಳೆ. ಅದರ ಆ ದಡ ಒಬ್ಬ ಅರಸನದು, ಈ ದಡ ಇನ್ನೊಬ್ಬನದು. ಹೊಳೆ ಮಾತ್ರ ಇಬ್ಬರನ್ನೂ ಕೇಳದೆ ಹರಿಯುತ್ತಿತ್ತು.

ಈ ದಡದಲ್ಲಿ ಒಬ್ಬ ಅಂಬಿಗನಿದ್ದ. ಬೇರೆಯವರ ದೋಣಿಗೆ ಹುಟ್ಟು ಹಾಕಿ ಬದುಕುತ್ತಿದ್ದ. ಸ್ವಂತ ದೋಣಿ ಬೇಕೆಂಬುದು ಅವನ ಬಹಳ ದಿನದ ಆಸೆ. ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಆ ದಡದಲ್ಲಿ ಕಣ್ಣು ಮಂಜಾದ ಮುದುಕನೊಬ್ಬ ತನ್ನ ಹಳೆಯ ದೋಣಿಯನ್ನು ಮಾರುತ್ತಾನೆಂದು ಕೇಳಿ ಹೊಳೆ ದಾಟಿ ಹೋದ.

ದೋಣಿಯ ತಳವನ್ನು ಗೆಣ್ಣಿನಿಂದ ಬಡಿದು ನೋಡಿದ. ನೀರಿಗಿಳಿಸಿ, ಒಳಗೆ ಅಂಗಾತ ಮಲಗಿ, ಬೆನ್ನು ಒದ್ದೆಯಾಗುವುದೇ ಎಂದು ಕಾದ. ಬೆನ್ನು ಒಣಗಿಯೇ ಇತ್ತು. ಬೆಲೆ ಕುದುರಿತು.

"ಸುಂಕ?" ಎಂದ ಅಂಬಿಗ.

"ನೀನು ಆಚೆ ದಡದವನು. ನಮ್ಮ ನೀರು ಬಿಟ್ಟು ಹೋಗುವ ದೋಣಿಗೆ ಇಲ್ಲಿ ಸುಂಕ ಇಲ್ಲ," ಎಂದ ಮುದುಕ. "ಅದೇನಿದ್ದರೂ ನಿಮ್ಮ ಕಡೆ ಕಟ್ಟಿಕೋ. ಇನ್ನೊಂದು ಮಾತು ಕೇಳು. ದೋಣಿ ಗಟ್ಟಿ. ಹಗ್ಗ ಮಾತ್ರ ನನ್ನ ವಯಸ್ಸಿನದು. ಬೇರೆ ತಗೋ."

ಇಷ್ಟು ಮಾತಿನಲ್ಲಿ ಅಂಬಿಗನ ಕಿವಿಗೆ ಬಿದ್ದದ್ದು 'ಇಲ್ಲಿ ಸುಂಕ ಇಲ್ಲ' ಎಂಬುದಷ್ಟೆ. ಅದನ್ನೇ ಗುನುಗಿಕೊಂಡು ಹುಟ್ಟು ಹಾಕಿದ.

ಈ ದಡದ ಸುಂಕದವನು ತನ್ನ ಕಟ್ಟೆಯ ಮೇಲೆ ಕುಳಿತಿದ್ದ. ಕಟ್ಟೆಯ ಕೆಳಗೆ ನೀರಿನವರೆಗೂ ಮೆಟ್ಟಿಲು. ಮೆಟ್ಟಿಲ ಪಕ್ಕದಲ್ಲಿ ದೋಣಿ ಕಟ್ಟುವ ಕಲ್ಲಿನ ಗೂಟಗಳು. ಮೇಲೆ ಒಂದು ದೀಪದ ಕಂಬ.

"ಹೊಸ ದೋಣಿಯಾ?" ಎಂದು ಸುಂಕದವನು ಕೇಳಿದ.

"ಇಲ್ಲ, ಹಳೆಯದು."

"ನಿನಗೆ ಹೊಸದಲ್ಲವಾ? ಸುಂಕ ಕಟ್ಟಪ್ಪ."

"ಇದನ್ನು ಕೊಂಡದ್ದು ಆ ದಡದಲ್ಲಿ. ಅಲ್ಲಿ ಸುಂಕ ಇಲ್ಲ."

"ಎಲ್ಲಿ ಕೊಂಡೆ ಅಂತ ನಾನು ಕೇಳೋದಿಲ್ಲ. ಅಲ್ಲಿ ಏನಾದರೂ ಕಟ್ಟಿದ್ದರೆ ಅಷ್ಟನ್ನು ಇಲ್ಲಿ ಬಿಡುತ್ತಿದ್ದೆ. ನೀನು ಕಟ್ಟಿಲ್ಲ. ನಾನು ಕೇಳೋದು ಒಂದೇ, ದೋಣಿಯನ್ನ ಎಲ್ಲಿ ಕಟ್ಟುತ್ತೀಯ ಅಂತ. ಈ ಗೂಟಕ್ಕೆ ಹಗ್ಗ ಕಟ್ಟಿದರೆ ಸುಂಕ ಕಟ್ಟಬೇಕು."

ಅಂಬಿಗ ಯೋಚಿಸಿದ. "ಹಗ್ಗ ಕಟ್ಟದಿದ್ದರೆ?"

ಸುಂಕದವನು ತಲೆ ಕೆರೆದುಕೊಂಡ. ಆವರೆಗೆ ಯಾರೂ ಅದನ್ನು ಕೇಳಿರಲಿಲ್ಲ. "ಕಟ್ಟದಿದ್ದರೆ ಕಟ್ಟಬೇಕಾಗಿಲ್ಲ," ಎಂದ.

ಗುರುವಮ್ಮ ಇಲ್ಲಿ ಸ್ವಲ್ಪ ತಡೆದರು.

"ನಮ್ಮ ಮಾತಿನಲ್ಲಿ ಹಗ್ಗವನ್ನೂ ಕಟ್ಟುತ್ತೇವೆ, ಸುಂಕವನ್ನೂ ಕಟ್ಟುತ್ತೇವೆ. ಪದ ಒಂದೇ. ಆ ಒಂದು ಪದದೊಳಗೆ ಅಂಬಿಗನಿಗೆ ಸಂದಿ ಕಂಡಿತು. ಸಂದಿ ಕಂಡ ಮೇಲೆ ನುಸುಳದೆ ನಿಂತ ಬುದ್ಧಿವಂತನನ್ನು ನಾನು ಯಾವ ದೇಶದಲ್ಲೂ ನೋಡಲಿಲ್ಲ."

ಹೊನ್ನಾಂಬೆ ನಕ್ಕಳು. ಗುರುವಮ್ಮ ಮುಂದುವರಿಸಿದರು.

ಅಂಬಿಗ ದೋಣಿಯನ್ನು ದಡಕ್ಕೆ ತರಲೇ ಇಲ್ಲ. ಹೊಳೆಯ ನಡುವೆ, ಎರಡು ರಾಜ್ಯಗಳಿಗೂ ಸೇರದ ನೀರಿನಲ್ಲಿ, ಒಂದು ದಪ್ಪ ಕಲ್ಲಿಗೆ ಸರಪಳಿ ಬಿಗಿದು ಮುಳುಗಿಸಿ ನಿಂತ. ಮುದುಕ ಕೊಟ್ಟ ಹಗ್ಗ ದೋಣಿಯ ತಳದಲ್ಲಿ ಸುರುಳಿಯಾಗಿ ಬಿದ್ದುಕೊಂಡಿತು. ಅದರ ಕೆಲಸವೇ ಇಲ್ಲವಲ್ಲ ಎಂದು ಅವನು ಬೇರೆ ಹಗ್ಗ ಕೊಳ್ಳಲಿಲ್ಲ.

ಜನರನ್ನು ಹತ್ತಿಸಿಕೊಳ್ಳುವಾಗ ದೋಣಿಯನ್ನು ದಡದಿಂದ ಒಂದು ಮಾರು ದೂರದಲ್ಲಿ ಗಳ ಊರಿ ನಿಲ್ಲಿಸುತ್ತಿದ್ದ. ಜನ ಹಾರಬೇಕಾಗಿತ್ತು. ಹಾರಿದವರಲ್ಲಿ ಕೆಲವರು ದೋಣಿಗೆ ಬಿದ್ದರು, ಕೆಲವರು ಹೊಳೆಗೆ ಬಿದ್ದರು. ಒಬ್ಬ ವ್ಯಾಪಾರಿಯ ಬೆಲ್ಲದ ಮೂಟೆ ನೀರುಪಾಲಾಯಿತು. ಆ ದಿನ ಕೆಳಗಿನ ಊರಿನವರು ಪಾನಕ ಕುಡಿದರೆಂದು ಜನ ಆಡಿಕೊಂಡರು.

"ಏನಪ್ಪಾ ನಡುನೀರಿನ ಅರಸ, ರಾಜ್ಯವೆಲ್ಲ ಕ್ಷೇಮವಾ?" ಎಂದು ಉಳಿದ ಅಂಬಿಗರು ಕೂಗುತ್ತಿದ್ದರು.

"ನೀವು ಕಟ್ಟಿ ಕಟ್ಟಿ ಬಡವರಾದಿರಿ. ನನ್ನನ್ನು ನೋಡಿ ಕಲಿಯಿರಿ," ಎಂದು ಅವನು ತಿರುಗಿ ಕೂಗುತ್ತಿದ್ದ.

ದೋಣಿಯನ್ನು ನಡುನೀರಿನಲ್ಲಿ ಬಿಟ್ಟು ಮನೆಗೆ ಹೋಗುವಂತಿರಲಿಲ್ಲ. ಆದ್ದರಿಂದ ಅಲ್ಲೇ ಉಂಡ, ಅಲ್ಲೇ ಮಲಗಿದ. ಕತ್ತಲಾದಾಗ ಸುಂಕದ ಕಟ್ಟೆಯ ಕಂಬದ ಮೇಲೆ ದೀಪ ಹೊತ್ತಿಕೊಳ್ಳುತ್ತಿತ್ತು. ಆ ಬೆಳಕಿನಲ್ಲಿ ಅವನು ಬಲೆ ಹೆಣೆಯುತ್ತಿದ್ದ. ದೀಪಕ್ಕೆ ಎಣ್ಣೆ ಎಲ್ಲಿಂದ ಬಂತೆಂದು ಒಮ್ಮೆಯೂ ಯೋಚಿಸಲಿಲ್ಲ.

ಅವನ ಹೆಂಡತಿ ತುಂಬು ಬಸುರಿ. ದಿನಾ ಬುತ್ತಿ ತಂದು, ಬಿದಿರಿನ ಗಳದ ತುದಿಗೆ ಸಿಕ್ಕಿಸಿ, ಮಾರು ದೂರಕ್ಕೆ ಬಂದು ನಿಂತ ದೋಣಿಗೆ ದಡದಿಂದ ಚಾಚುತ್ತಿದ್ದಳು.

"ಏನ್ರೀ, ನಾಳೆ ಮಗು ಹುಟ್ಟಿದರೆ ಅದನ್ನೂ ಹೀಗೇ ಗಳದ ತುದಿಗೆ ಕಟ್ಟಿ ತೋರಿಸಲಾ?"

"ಕಟ್ಟು ಗಿಟ್ಟು ಅನ್ನಬೇಡ," ಎಂದ ಅಂಬಿಗ. "ಸುಂಕದವನ ಕಿವಿ ಬಹಳ ಚುರುಕು."

ಒಂದು ದಿನ ಅವಳು ಬುತ್ತಿಯನ್ನು ಚಾಚಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲಿನವರೆಗೆ ನೀರಿಗಿಳಿದು, "ಕೈ ಕೊಡಿ. ನೀವು ಬರೋದಿಲ್ಲ ಅಂದ ಮೇಲೆ ನಾನೇ ಬರ್ತೀನಿ. ಹೆತ್ತರೂ ಇಲ್ಲೇ ಹೆರ್ತೀನಿ," ಎಂದು ದೋಣಿ ಹತ್ತಿದಳು. ಅಂಬಿಗನಿಗೆ ಸಂತೋಷವೂ ಆಯಿತು, ಭಯವೂ ಆಯಿತು. ಅವಳನ್ನು ಕೂರಿಸಿಕೊಂಡು ಮತ್ತೆ ನಡುನೀರಿಗೆ ಹೋಗಿ ಕಲ್ಲು ಮುಳುಗಿಸಿ ನಿಂತ.

ಅದೇ ಮಧ್ಯಾಹ್ನ ಮೇಲಿನ ಬೆಟ್ಟಗಳಲ್ಲಿ ಮಳೆ ಸುರಿದಿತ್ತು. ಇಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಬಿಸಿಲು ಇದ್ದ ಹಾಗೆಯೇ ಹೊಳೆ ಕೆಂಪಾಯಿತು, ಆಮೇಲೆ ಏರಿತು. ಬೇರು ಸಮೇತ ಮರಗಳು ತೇಲಿ ಬಂದವು. ನೀರಿನಡಿಯ ಕಲ್ಲು ಮೊದಲು ಅಲುಗಿತು, ಬಳಿಕ ಜಾರಿತು. ಕೊನೆಗೆ ಸರಪಳಿ ಕಿತ್ತುಹೋಯಿತು.

ಅಂಬಿಗ ದೋಣಿಯನ್ನು ದಡದ ಕಡೆಗೆ ತಳ್ಳಲು ಹೆಣಗಿದ. ಗಳಕ್ಕೆ ನೆಲ ಸಿಗಲಿಲ್ಲ. ಸೆಳವೇ ದೋಣಿಯನ್ನು ಸುಂಕದ ಕಟ್ಟೆಯ ಹತ್ತಿರಕ್ಕೆ ನೂಕಿತು. ತಳದಲ್ಲಿದ್ದ ಹಗ್ಗವನ್ನು ಎತ್ತಿ ದಡಕ್ಕೆ ಎಸೆಯಲು ಬೀಸಿದ. ನೀರಿನಲ್ಲಿ ನೆನೆದು ನೆನೆದು ಕೊಳೆತಿದ್ದ ಆ ಹಗ್ಗ ಹಸಿ ಹುಲ್ಲಿನಂತೆ ಕೈಯಲ್ಲೇ ಹರಿಯಿತು. ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟು ಗಂಡನ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಸುಂಕದವನು ಕಟ್ಟೆಯಿಂದ ಓಡಿ ಬಂದ. ಅವನ ಹಿಂದೆ ಉಳಿದ ಅಂಬಿಗರು ಬಂದರು. ದಪ್ಪನೆಯ ಹೊಸ ಹಗ್ಗವೊಂದು ಗಾಳಿಯಲ್ಲಿ ಬಿಚ್ಚಿಕೊಂಡು ಬಂದು ದೋಣಿಯ ಮೂತಿಯ ಮೇಲೆ ಬಿತ್ತು.

"ಕಟ್ಟು!" ಎಂದು ಸುಂಕದವನು ಕೂಗಿದ. "ಬೇಗ ಕಟ್ಟೋ!"

ಅಂಬಿಗನ ಮೈ ಉರಿದುಹೋಯಿತು. "ಸಾಯೋ ಹೊತ್ತಲ್ಲೂ ಸುಂಕ ಕೇಳ್ತೀಯಾ? ನಾಚಿಕೆ ಆಗೋದಿಲ್ವಾ ನಿನಗೆ?"

"ಕಟ್ಟೋ ಮಾರಾಯ!"

"ಕಟ್ಟೋದಿಲ್ಲ!"

"ಕಟ್ಟೋ!"

"ಪ್ರಾಣ ಹೋದರೂ ಕಟ್ಟೋದಿಲ್ಲ!"

ಹಗ್ಗ ದೋಣಿಯ ಅಂಚಿನಿಂದ ನೀರಿಗೆ ಜಾರತೊಡಗಿತು. ಹೆಂಡತಿ ಅದರ ಮೇಲೆ ಬಿದ್ದು ಹಿಡಿದುಕೊಂಡಳು. "ಅಯ್ಯೋ, ಅವನು ಹೇಳ್ತಿರೋದು ಹಗ್ಗ ಕಣ್ರೀ, ಹಗ್ಗ!" ಎಂದು ಕಿರುಚಿ, ತಾನೇ ದೋಣಿಯ ಮೂತಿಗೆ ಸುತ್ತಿ ಸುತ್ತಿ ಕಟ್ಟಿದಳು.

ದಡದಲ್ಲಿದ್ದವರು ಹಗ್ಗದ ಇನ್ನೊಂದು ತುದಿಯನ್ನು ಕಲ್ಲಿನ ಗೂಟಕ್ಕೆ ಹಾಕಿ ಜಗ್ಗಿದರು. ಹೊಳೆಯೂ ಜಗ್ಗಿತು. ಕೊನೆಗೆ ಹೊಳೆ ಸೋತಿತು. ದೋಣಿ ಬಂದು ಮೆಟ್ಟಿಲಿಗೆ ತಾಗಿತು. ಸಂಜೆಯ ಹೊತ್ತಿಗೆ ಕಟ್ಟೆಯ ಹಿಂದಿನ ಸುಂಕದವನ ಮನೆಯಿಂದ ಹಸುಗೂಸಿನ ಅಳು ಕೇಳಿಸಿತು. ಹೊರಗೆ ನಿಂತಿದ್ದ ಅಂಬಿಗನೂ ಅತ್ತ.

ಮರುದಿನ ಬೆಳಿಗ್ಗೆ ಅವನು ಗಂಟು ಹಿಡಿದು ಕಟ್ಟೆಗೆ ಬಂದ.

"ಕಟ್ಟಲು ಬಂದಿದ್ದೇನೆ," ಎಂದ.

"ನೀನೆಲ್ಲಿ ಕಟ್ಟಿದೆ?" ಎಂದ ಸುಂಕದವನು. "ಕಟ್ಟಿದ್ದು ನಿನ್ನ ಹೆಂಡತಿ. ನೀನು ಕಟ್ಟೋದಿಲ್ಲ ಅಂತ ಕೂಗಿದ್ದು ಎರಡು ರಾಜ್ಯಕ್ಕೂ ಕೇಳಿಸಿದೆ."

ಸುತ್ತಲಿದ್ದ ಅಂಬಿಗರು ಬಿದ್ದು ಬಿದ್ದು ನಕ್ಕರು. ಅಂಬಿಗನಿಗೆ ನಗು ಬರಲಿಲ್ಲ.

"ಸುಂಕದಣ್ಣ, ಒಂದು ಮಾತು ಹೇಳು. ನಾನು ಅಷ್ಟು ಬೈದರೂ ನೀನು ಹಗ್ಗ ಬಿಡಲಿಲ್ಲ. ನಿನ್ನ ಸ್ವಂತ ಹಗ್ಗವಾ ಅದು?"

"ನನ್ನದು ಎಲ್ಲಿಂದ ಬರಬೇಕು? ಹಗ್ಗ ಇವರದು," ಎಂದು ಸುಂಕದವನು ನಗುತ್ತಿದ್ದವರತ್ತ ಕೈ ತೋರಿದ. "ಇವರು ಕಟ್ಟಿದ ಸುಂಕದಲ್ಲಿ ತಂದದ್ದು. ದೀಪದ ಎಣ್ಣೆಯೂ ಇವರದೇ. ಗೂಟ, ಮೆಟ್ಟಿಲು ಇವರ ಅಪ್ಪಂದಿರದು, ತಾತಂದಿರದು."

ಅಂಬಿಗ ಆ ಮುಖಗಳನ್ನು ನೋಡಿದ. ಕಟ್ಟಿ ಕಟ್ಟಿ ಬಡವರಾದಿರಿ ಎಂದು ಅವನು ಅಣಕಿಸಿದ್ದು ಈ ಮುಖಗಳನ್ನೇ. ಹಗ್ಗ ಎಳೆದು ಎಳೆದು ಅವರ ಅಂಗೈಗಳ ಚರ್ಮ ಸುಲಿದಿತ್ತು.

"ಇವರಿಗೆ ಕೈ ಮುಗಿಯಬಹುದು," ಎಂದ ಅಂಬಿಗ. "ಹೋದವರಿಗೆ ನಾನು ಹೇಗೆ ತೀರಿಸಲಿ?"

"ಅವರಿಗೆ ತೀರಿಸೋಕೆ ಆಗೋದಿಲ್ಲ. ನೀನು ಇಲ್ಲಿ ಕಟ್ಟು. ಮುಂದೆ ಬರೋ ಇನ್ನೊಬ್ಬ ತಲೆಕೆಟ್ಟವನಿಗೆ ಹಗ್ಗ ಆಗುತ್ತೆ."

ಅಂಬಿಗ ಸುಂಕ ಕಟ್ಟಿದ. ಬಳಿಕ ಮೆಟ್ಟಿಲಿಳಿದು, ಗೂಟಕ್ಕೆ ಸುತ್ತಿದ್ದ ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ಸುಂಕ ಕಟ್ಟಿ ಶಪಿಸಿ ಹೋದವರನ್ನು ಆ ಕಟ್ಟೆ ಬೇಕಾದಷ್ಟು ಕಂಡಿತ್ತು. ಹೀಗೆ ಕಣ್ಣಿಗೊತ್ತಿಕೊಂಡವನನ್ನು ಕಂಡದ್ದು ಅದೇ ಮೊದಲು.

ಗುರುವಮ್ಮ ಕತೆ ನಿಲ್ಲಿಸಿದರು. ಅಂಗಳದಲ್ಲಿ ಪೊರಕೆಗಳು ಮತ್ತೆ ಆಡತೊಡಗಿದವು.

ಹೊನ್ನಾಂಬೆ ಹೇಳಿದಳು: "ಕತೆ ಚೆನ್ನಾಗಿದೆ ಗುರುವಮ್ಮಾ. ಅಂಬಿಗ ಮುಳುಗುತ್ತಿದ್ದ, ಹಗ್ಗ ಸಿಕ್ಕಿತು, ಸುಂಕ ಕಟ್ಟಿದ. ಅದು ನ್ಯಾಯವೇ. ಆದರೆ ನಾನು ಗಟ್ಟಿ ನೆಲದ ಮೇಲೆ ನಡೆದು ಬಂದವಳು. ನನಗೆ ಇಲ್ಲಿ ಹಗ್ಗ ಎಸೆದವರು ಯಾರು?"

ಗುರುವಮ್ಮ ಅವಳ ಪಕ್ಕದಲ್ಲಿದ್ದ ಖಾಲಿ ಕೊಡವನ್ನು ನೋಡಿದರು.

"ನೀನು ಬಂದ ದಿನ ಬಾಗಿಲಲ್ಲೇ ನಿಂತು ಕುಡಿದು ಬರಿದು ಮಾಡಿದೆಯಲ್ಲ, ಆ ತುಂಬಿದ ಕೊಡವನ್ನು ಸೇದಿಟ್ಟವರು ಯಾರು?"