ಕೊಂಬೆಯ ಬುಡದ ಬಳೆ

ಲೋಕ ಇನ್ನೂ ಹೊಸದು. ಬೆಟ್ಟಗಳು ಆಗಷ್ಟೇ ಜಾಗ ನೋಡಿಕೊಂಡು ಕೂತಿದ್ದವು. ಹೊಳೆಗಳು ಸಿಕ್ಕಸಿಕ್ಕವರ ಬಳಿ ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆಗ ಮರಗಳ ಮೈಯೆಲ್ಲ ಒಂದೇ ನುಣುಪು. ಕಾಂಡ ಎಲ್ಲಿ ಮುಗಿಯಿತು, ಕೊಂಬೆ ಎಲ್ಲಿ ಶುರುವಾಯಿತು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ.

ಆ ಕಾಲದಲ್ಲಿ ಕೆಂಚವ್ವ ಎಂಬ ಹೆಂಗಸಿದ್ದಳು. ಅವಳ ಅಂಗಳದಲ್ಲಿ ಒಂದು ಸಂಪಿಗೆ ಮರ. ಅವಳೇ ನೆಟ್ಟದ್ದು, ಅವಳೇ ನೀರೆರೆದದ್ದು. ಮಕ್ಕಳಿಲ್ಲದ ಅವಳು ಅದನ್ನು ಮಗಳೇ ಎಂದು ಕರೆಯುತ್ತಿದ್ದಳು. ಮರವೂ ಓಗೊಡುತ್ತಿತ್ತು.

ಕೆಂಚವ್ವನಿಗೆ ಉಬ್ಬುತಗ್ಗು ಕಂಡರೆ ಆಗದು. ಗೋಡೆಗೆ ಮಣ್ಣು ಮೆತ್ತಿದಳೆಂದರೆ ನುಣುಪುಗಲ್ಲಿನಿಂದ ಉಜ್ಜೀ ಉಜ್ಜೀ, ಇರುವೆ ಹತ್ತಿದರೂ ಜಾರಬೇಕು, ಹಾಗೆ ಮಾಡುತ್ತಿದ್ದಳು.

ಒಂದು ದಿನ ಸಂಪಿಗೆಯ ಕೊಂಬೆಯೊಂದು ದಾರಿಗೆ ಅಡ್ಡ ಬಂತು. ಕೆಂಚವ್ವ ಅದನ್ನು ಕಾಂಡಕ್ಕೆ ಒತ್ತಿ ಸಪಾಟಾಗಿ ಕೊಯ್ದಳು. ಮೇಲೆ ಸಗಣಿಮಣ್ಣು ಮೆತ್ತಿ ಗೋಡೆಯ ಹಾಗೆ ಉಜ್ಜಿದಳು. ನೋಡಲು ಬಲು ಚೆಂದ! ಆದರೆ ಮಣ್ಣಿನ ಹಿಂದೆ ಗಾಯ ಕೊಳೆಯಿತು.

ಇನ್ನೊಂದು ಕೊಂಬೆ ಅಡ್ಡ ಬಂದಾಗ, ಕಾಂಡದ ತಂಟೆಯೇ ಬೇಡವೆಂದು ಮೊಳದುದ್ದ ಮೋಟು ಬಿಟ್ಟು ಕೊಯ್ದಳು. ಮೋಟು ಒಣಗಿತು. ಗೆದ್ದಲು ಮಾವನ ಮನೆಗೆ ಬಂದ ಅಳಿಯನ ಹಾಗೆ ಒಳಹೊಕ್ಕು ಬೀಡುಬಿಟ್ಟಿತು.

ಇದನ್ನೆಲ್ಲ ಪಡುವಣ ಗಾಳಿ ನೋಡಿತು.

"ಏ ಕೆಂಚಿ! ನಿನ್ನ ಮಗಳ ಒಂದು ಕೊಂಬೆ ಸೂರಿನ ಮೇಲೆ ಬಾಗೈತೆ, ಕಂಡ್ಯಾ? ಮಳೆ ಹೊತ್ಕೊಂಡು ಬರೋ ದಿನ ಅದನ್ನೇ ಜುಟ್ಟು ಹಿಡಿದಂಗೆ ಹಿಡಿದು ಎಳೀತೀನಿ. ಮರ ಬುಡಸಮೇತ ನಿನ್ನ ಮನೆ ಮೇಲೆ!"

ಕೆಂಚವ್ವ ಸೂರಿನತ್ತ ಕತ್ತೆತ್ತಿ ನೋಡಿದಳು. ಕೊಯ್ಯದಿದ್ದರೆ ಗಾಳಿ ಬಿಡದು. ಕೊಯ್ದರೆ ಮೂರನೆಯ ಗಾಯಕ್ಕೆ ಮಗಳು ಉಳಿಯಳು. ಮರವನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ಅಳಬ್ಯಾಡ ಕಣವ್ವ," ಎಂದಿತು ಸಂಪಿಗೆ. "ಮೊದಲ ಸಲ ನೀನು ಕೊಂಬೆ ಜೊತೆ ನನ್ನ ಮೈನೂ ಕೊಯ್ದೆ. ಎರಡನೇ ಸಲ ಸತ್ತಿದ್ದನ್ನ ನನ್ನ ಮೈಗೇ ಅಂಟಿಸಿ ಬಿಟ್ಟೆ. ಸತ್ತಿದ್ದರ ಮ್ಯಾಲೆ ನಾನು ಹೆಂಗೆ ತೊಗಟೆ ಹೊದಿಸ್ಲಿ?"

"ನಂಗೆ ಹೆಂಗೆ ಗೊತ್ತಾಗ್ಬೇಕು ಮಗಳೇ? ನಿನ್ನ ಮೈಯೆಲ್ಲ ಒಂದೇ ನುಣುಪು!"

"ಹಂಗಾದ್ರೆ ನನ್ನ ಮೈ ಮುಗಿಯೋ ಕಡೆ ಒಂದು ಗುರುತು ತೊಡಿಸು."

ಕೆಂಚವ್ವ ಕೊಂಬೆಯ ಬುಡದಲ್ಲಿ ಬೆರಳಾಡಿಸುತ್ತ ಹೋದಳು. "ಇಲ್ಲೇ," ಎಂದಿತು ಮರ. ಹೊಳೆಯ ಜೇಡಿಮಣ್ಣು ನಾದಿ, ಹೊಸೆದು, ಅಲ್ಲಿ ಒಂದು ದಪ್ಪ ಬಳೆ ತೊಡಿಸಿದಳು. ಅಯ್ಯೋ, ಎಂಥ ಉಬ್ಬು! ಉಜ್ಜಿ ನುಣುಪು ಮಾಡಲು ಕೈ ತಾನಾಗಿ ಹೋಯಿತು. ಹಲ್ಲು ಕಚ್ಚಿ ಕೈ ಹಿಂದೆಳೆದಳು. ಹೆಣ್ಣುಮಗಳ ಕೈಗೆ ಬಳೆ ತೊಡಿಸಿದ ಹಾಗೆ ಒಂದೊಂದು ಕೊಂಬೆಗೂ ತೊಡಿಸಿದಳು. ಮರ ಆ ಬಳೆಗಳನ್ನು ತೊಗಟೆಯೊಳಕ್ಕೆ ಎಳೆದುಕೊಂಡು ತನ್ನವೇ ಮಾಡಿಕೊಂಡಿತು.

ಆಮೇಲೆ ಕೆಂಚವ್ವ ಸೂರಿನ ಕೊಂಬೆಗೆ ಕೈಹಚ್ಚಿದಳು. ತೊಗಟೆ ಸಿಗಿಯದಿರಲೆಂದು ಮೊದಲು ಬಳೆಯಿಂದ ಮೊಳದಾಚೆ ಕೆಳಗಿನಿಂದ ಕಚ್ಚು ಹಾಕಿದಳು. ಆ ಕಚ್ಚಿಗಿಂತ ತುಸು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿದಳು. ಕೊನೆಗೆ ಉಳಿದ ತುಂಡನ್ನು ಬಳೆಗೆ ನೋವಾಗದಂತೆ, ಅದರ ಆಚೆಗೇ ತೆಗೆದಳು. ಹಳೆಯ ಮೋಟನ್ನೂ ಹಾಗೆಯೇ ತೆಗೆದಳು. ಮಣ್ಣು ಮೆತ್ತಲು ಕೈ ತುರಿಸಿತು; ಮೆತ್ತಲಿಲ್ಲ. ದಿನ ಕಳೆದಂತೆ ಬಳೆಯ ಅಂಚಿನಿಂದ ಹೊಸ ತೊಗಟೆ ಗಾಯದ ಮೇಲೆ ತೆವಳಿತು.

ಗಾಳಿ ಬಂತು. ಮಳೆ ಹೊತ್ತು, ಗುಡುಗು ಬಾರಿಸುತ್ತ ಬಂತು. ಜುಟ್ಟಿಗಾಗಿ ಸೂರಿನ ಮೇಲೆಲ್ಲ ತಡಕಾಡಿತು. ಎಲ್ಲಿದೆ ಜುಟ್ಟು? ಮರದ ಸುತ್ತ ಬುಸುಗುಟ್ಟಿತು, ಕೊಂಬೆಗಳ ನಡುವೆ ನುಗ್ಗಿ ಆಚೆಗೆ ಹಾದುಹೋಯಿತು. ನಾಲ್ಕು ಎಲೆ ಉದುರಿತು, ಅಷ್ಟೇ.

ಕೆಂಚವ್ವ ಮಳೆಯಲ್ಲೇ ಅಂಗಳಕ್ಕೆ ಓಡಿಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಎಳಿಯೋ ನೋಡಾನ! ಎಲ್ಲಿ ಹಿಡೀತೀಯ ಹಿಡಿ!" ಎಂದು ಕೂಗಿ ಕೂಗಿ ಕುಣಿದಳು. ಗಾಳಿ ಮುಖ ಸಣ್ಣದು ಮಾಡಿಕೊಂಡು ಬೆಟ್ಟದಾಚೆ ಹೋಯಿತು.

ಬೆಳಗಾದರೆ ಮರದ ತುಂಬ ಹೂವು! ಘಮಲು ಊರೂರು ದಾಟಿತು. ಬೇವು ಬಂತು, ಹೊಂಗೆ ಬಂತು, ಹೊಳೆದಾಸವಾಳ ಬಂತು. "ನಂಗೂ ಬಳೆ ತೊಡಿಸವ್ವ, ನಂಗೂ!" ಎಂದು ಅಂಗಳದಲ್ಲಿ ನೂಕುನುಗ್ಗಲು. ಕೆಂಚವ್ವ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ.

ಅದಕ್ಕೇ ಮಗು, ನಿಮ್ಮ ಅಂಗಳದ ಮರದ ಕೊಂಬೆಯ ಬುಡ ಸವರಿ ನೋಡಿದರೆ ಇವತ್ತಿಗೂ ಒಂದು ಉಬ್ಬು ಬಳೆ ಕೈಗೆ ಸಿಗುತ್ತದೆ. ಅದನ್ನು ಉಳಿಸಿ ಕೊಯ್ದ ಕಡೆಯಲ್ಲೆಲ್ಲ ಮರ ತನ್ನ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ.